ಫ್ರಿಜ್ಜಿನಲ್ಲಿಡುವ ಮದ್ದು, ಇಡಬಾರದ ಮದ್ದು

ಇನ್ಸುಲಿನ್, ಥೈರಾಯ್ಡ್ ಮಾತ್ರೆ, ಈಸ್ಟ್ರೋಜನ್, ಟೆಸ್ಟೋಸ್ಟಿರೋನ್, ಎಲುಬಿನ ಸವೆತಕ್ಕೆ ಕೊಡುವ ಪೆನ್ ಇಂಜೆಕ್ಷನ್: ಮನೆಯಲ್ಲಿ ಇಟ್ಟುಕೊಳ್ಳುವ ಹಾರ್ಮೋನ್ ಔಷಧಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳ ಹಿಂದೆ ಒಂದೇ ನಂಬಿಕೆ ಇದೆ. ಬೆಲೆಬಾಳುವ ಮದ್ದಾದರೆ ಫ್ರಿಜ್ಜಿಗೆ, ಮಾತ್ರೆಯಾದರೆ ಅಡುಗೆಮನೆಯ ಕಪಾಟಿಗೆ. ಎರಡೂ ಅರ್ಧ ಸರಿ, ಅರ್ಧ ತಪ್ಪು. ಇನ್ಸುಲಿನ್ನಿಗೆ ಮಂಜುಗಡ್ಡೆಯ ಭಯ, ಥೈರಾಯ್ಡ್ ಮಾತ್ರೆಗೆ ತೇವದ ಭಯ, ಎಣ್ಣೆಯ ಇಂಜೆಕ್ಷನ್ನಿಗೆ ಚಳಿಯ ಭಯ, ಮೈಗೆ ಹಚ್ಚುವ ಹಾರ್ಮೋನ್ ಜೆಲ್‌ಗೆ ಬೆಂಕಿಯ ಭಯ. ಒಂದಕ್ಕೆ ಒಗ್ಗುವ ಜಾಗ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಪೆರ್ಲದ ಓದುಗರು: ಅಮ್ಮನಿಗೆ 68 ವರ್ಷ. ದಿನಕ್ಕೆ ಎರಡು ಹೊತ್ತು ಹಾಲಿನ ಬಣ್ಣದ ಮಿಕ್ಸ್ ಇನ್ಸುಲಿನ್. ಮಂಗಳೂರಿಗೆ ಹೋದಾಗ ಮೂರು ತಿಂಗಳಿನದ್ದು ಒಟ್ಟಿಗೆ ತಂದು ಫ್ರಿಜ್ಜಿನಲ್ಲಿ ಫ್ರೀಜರಿನ ಕೆಳಗಿನ ತಟ್ಟೆಯಲ್ಲಿಡುತ್ತೇವೆ. ಊಟ ತಿಂಡಿ ಏನೂ ಬದಲಾಗಿಲ್ಲ, ಆದರೂ ಜೂನ್‌ನಿಂದ ಶುಗರ್ ಹತೋಟಿಗೆ ಬರುತ್ತಿಲ್ಲ. ಮಳೆಗೆ ಮರ ಬಿದ್ದು ಕರೆಂಟು ಎರಡೆರಡು ದಿನ ಇರುವುದಿಲ್ಲ. ಅದರಿಂದ ಮದ್ದು ಹಾಳಾಯಿತೇ?

ಉತ್ತರ: ನಮ್ಮ ಅನುಮಾನ ಕರೆಂಟಿನ ಮೇಲಲ್ಲ, ಆ ತಟ್ಟೆಯ ಮೇಲೆ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ತಣ್ಣನೆಯ ಗಾಳಿ ಫ್ರೀಜರಿನಿಂದ ನೇರ ಇಳಿಯುವುದು ಅದರ ಮೇಲೆಯೇ. ರಾತ್ರಿ ಏಳೆಂಟು ಗಂಟೆ ಯಾರೂ ಬಾಗಿಲು ತೆಗೆಯದಿದ್ದಾಗ ಅಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವುದು ಅಪರೂಪವಲ್ಲ. ಇನ್ನೊಂದು ಸಂಗತಿ, ಎಪ್ರಿಲ್ ಸೆಕೆಗೆ 5ಕ್ಕೆ ತಿರುಗಿಸಿದ ಗುಂಡಿಯನ್ನು ಮಳೆಗಾಲದಲ್ಲಿ 2ಕ್ಕೋ 3ಕ್ಕೋ ಇಳಿಸುವ ಅಭ್ಯಾಸ ಬಹಳ ಮನೆಗಳಲ್ಲಿ ಇಲ್ಲ. ಗುಂಡಿಯ ಮೇಲಿನ ಅಂಕೆ ಹೆಚ್ಚಾದಷ್ಟೂ ಒಳಗೆ ಚಳಿ ಹೆಚ್ಚು. ಅದು ಡಿಗ್ರಿಯ ಅಂಕೆಯಲ್ಲ.

ತೆರೆಯದ ಇನ್ಸುಲಿನ್ನಿಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ, ಬಿಸಾಡುವುದೇ. ಇನ್ಸುಲಿನ್ ಒಂದು ಪ್ರೋಟೀನು. ನೀರು ಮಂಜಾಗುವಾಗ ಅದರ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಆ ಗಂಟು ಮತ್ತೆ ಬಿಡುವುದಿಲ್ಲ. ಆಮೇಲೆ ನೀವು 20 ಯುನಿಟ್ ಎಳೆದರೂ ಕೆಲಸಕ್ಕೆ ಬರುವುದು ಎಷ್ಟು ಎಂದು ಹೇಳಲಾಗದು. ಒಂದು ದಿನ ಶುಗರ್ ಏರುತ್ತದೆ, ಮರುದಿನ ಇಳಿಯುತ್ತದೆ.

ಈಗ ಇರುವ ಸೀಸೆಯೊಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಲುಗಾಡದೆ ಇಟ್ಟ ಮಿಕ್ಸ್ ಇನ್ಸುಲಿನ್ನಿನಲ್ಲಿ ಅಡಿಯಲ್ಲಿ ಬಿಳಿ ಮಡ್ಡಿ, ಮೇಲೆ ತಿಳಿ ನೀರು ಇರುತ್ತದೆ. ಅದು ಸಹಜ. ಎರಡು ಅಂಗೈಗಳ ನಡುವೆ ಇಟ್ಟು ಹತ್ತು ಸಲ ಉರುಳಿಸಿ, ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಗುಚಿ. ಕುಲುಕಬೇಡಿ, ನೊರೆ ಬಂದರೆ ಅಳತೆ ತಪ್ಪುತ್ತದೆ. ಈಗ ಅದು ಒಂದೇ ಸಮನೆ ಹಾಲಿನ ಹಾಗೆ ಕಾಣಬೇಕು. ಒಡೆದ ಹಾಲಿನ ಹಾಗೆ ಚೂರು ತೇಲುತ್ತಿದ್ದರೆ, ಗಾಜಿನ ಒಳಮೈಗೆ ಬಿಳಿ ಹುಡಿ ಮೆತ್ತಿಕೊಂಡಂತಿದ್ದರೆ ಅದು ಹೋಯಿತು. ಆದರೆ ಒಂದು ಎಚ್ಚರ: ನೀರಿನಂತೆ ತಿಳಿಯಾಗಿರುವ ಇನ್ಸುಲಿನ್ ಹೆಪ್ಪುಗಟ್ಟಿ ಕರಗಿದ ಮೇಲೂ ನೋಡಲಿಕ್ಕೆ ಚೆನ್ನಾಗಿಯೇ ಇರಬಹುದು. ಅದನ್ನು ಕಣ್ಣಿನಿಂದ ಹಿಡಿಯಲಾಗದು. ಸಂಶಯ ಬಂದರೆ ಹೊಸ ಸೀಸೆಗೆ ಬದಲಾಯಿಸಿ ಎರಡು ಮೂರು ದಿನ ಶುಗರ್ ನೋಡುವುದೊಂದೇ ದಾರಿ. ಹೊಸ ಸೀಸೆ ಶುರು ಮಾಡುವಾಗ ಒಂದು ಮಾತು. ಹಳೆಯದು ಕೆಲಸ ಮಾಡದೆ ಡಾಕ್ಟರು ಪ್ರಮಾಣ ಏರಿಸಿದ್ದರೆ, ಅದೇ ಏರಿಸಿದ ಪ್ರಮಾಣವನ್ನು ಒಳ್ಳೆಯ ಇನ್ಸುಲಿನ್ನಿನಲ್ಲಿ ಕೊಟ್ಟಾಗ ಶುಗರ್ ಪಾತಾಳಕ್ಕಿಳಿಯಬಹುದು. ಆದ್ದರಿಂದ ಬದಲಾಯಿಸುವ ಮೊದಲು ಡಾಕ್ಟರಿಗೆ ಫೋನು ಮಾಡಿ.

ಇನ್ನು ಇಡುವ ಜಾಗ. ನಡುವಿನ ಅಥವಾ ಅದರ ಕೆಳಗಿನ ಅಂತಸ್ತು, ಹಿಂದಿನ ಗೋಡೆಯಿಂದ ನಾಲ್ಕು ಬೆರಳು ಈಚೆ. ರಟ್ಟಿನ ಪೆಟ್ಟಿಗೆಯಿಂದ ತೆಗೆಯದೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಬಾಗಿಲಿನಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ಆದರೆ ಮೊಸರಿಗೆ, ನೀರಿಗೆ, ಹೂವಿಗೆ ಎಂದು ದಿನಕ್ಕೆ ಮೂವತ್ತು ಸಲ ತೆರೆಯುವ ಮನೆಯಲ್ಲಿ ಅಲ್ಲಿ ತಾಪ ಏರಿಳಿಯುತ್ತಲೇ ಇರುತ್ತದೆ. ವಯರಿನ ತುದಿಯಲ್ಲಿ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಡ್ಡಿಯನ್ನು ಅರ್ಧ ಲೋಟ ನೀರಿನಲ್ಲಿ ಮುಳುಗಿಸಿ ಲೋಟವನ್ನು ಇನ್ಸುಲಿನ್ ಡಬ್ಬಿಯ ಪಕ್ಕ ಇಡಿ. ಬರೀ ಗಾಳಿಯಲ್ಲಿ ನೇತುಬಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಅಂಕೆ ಹಾರುತ್ತದೆ, ಏನೂ ಅರ್ಥವಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಫ್ರಿಜ್ ತೆರೆಯುವ ಮೊದಲು ನೋಡಿದ ಅಂಕೆಯೇ ಮುಖ್ಯ. 2ಕ್ಕಿಂತ ಕೆಳಗಿದ್ದರೆ ಗುಂಡಿಯನ್ನು ಒಂದು ಅಂಕೆ ಇಳಿಸಿ ಮರುದಿನ ಮತ್ತೆ ನೋಡಿ.

ಕರೆಂಟಿನ ವಿಷಯ: ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಸಿಟ್ಟರೆ ಇನ್ನೂ ಸ್ವಲ್ಪ ಹೊತ್ತು. ಎರಡು ದಿನ ಕರೆಂಟಿಲ್ಲದಿದ್ದರೂ ಗಾಬರಿ ಬೇಡ. ಹೆಚ್ಚಿನ ಇನ್ಸುಲಿನ್‌ಗಳು 30 ಡಿಗ್ರಿಯೊಳಗೆ 28 ದಿನ ತಡೆದುಕೊಳ್ಳುತ್ತವೆ, ಮಳೆಗಾಲದಲ್ಲಿ ನಿಮ್ಮೂರಿನ ಮನೆಯೊಳಗೆ ಅಷ್ಟು ಸೆಕೆ ಇರುವುದು ಕಡಿಮೆ. ಹಾಗೆ ಬೆಚ್ಚಗಾದ ಸೀಸೆಗಳ ಮೇಲೆ ಪೆನ್ನಿನಿಂದ ತಾರೀಕು ಗುರುತು ಹಾಕಿ ಮೊದಲು ಅವನ್ನೇ ಮುಗಿಸಿ. ಕರೆಂಟು ಹೋಗುವ ಸೂಚನೆ ಕಂಡ ಕೂಡಲೇ ಇನ್ಸುಲಿನ್ನನ್ನು ಫ್ರೀಜರಿಗೆ ವರ್ಗಾಯಿಸುವವರಿದ್ದಾರೆ. ಇನ್ಸುಲಿನ್ನನ್ನು ಹಾಳುಮಾಡುವುದು ಈ ಮುನ್ನೆಚ್ಚರಿಕೆಯೇ.

ಅಕ್ಕಲಕೋಟ ತಾಲೂಕಿನ (ಸೊಲ್ಲಾಪುರ ಜಿಲ್ಲೆ) ಓದುಗರು: ಹೊಲದಾಗಿನ ಮನ್ಯಾಗ ಇರ್ತೀವಿ, ಫ್ರಿಜ್ ಇಲ್ಲ. ಬ್ಯಾಸಗ್ಯಾಗ 40 ಡಿಗ್ರಿ ದಾಟತೈತಿ. ಇನ್ಸುಲಿನ್ ಮಣ್ಣಿನ ಗಡಗ್ಯಾಗ ಇಟ್ರ ನಡೀತದೇನ್ರಿ?

ಉತ್ತರ: ನಿಮ್ಮೂರಿನಲ್ಲಿ ನಡೆಯುತ್ತದೆ. ಕಾಸರಗೋಡಿನವರು ಕೇಳಿದ್ದರೆ ಇದೇ ಉತ್ತರ ಕೊಡುತ್ತಿರಲಿಲ್ಲ. ಗಡಿಗೆ ತಂಪಾಗುವುದು ಅದರ ಮೈಯಿಂದ ನೀರು ಆವಿಯಾಗುವುದರಿಂದ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು, ತಂಪೂ ಹೆಚ್ಚು. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಇದ್ದು ಗಾಳಿಯಲ್ಲಿ ತೇವಾಂಶ ಶೇಕಡಾ 20 ಇದ್ದರೆ, ಒದ್ದೆ ಮೈಯ ವಸ್ತು ಹೆಚ್ಚೆಂದರೆ 22 ಡಿಗ್ರಿವರೆಗೆ ಇಳಿಯಬಲ್ಲದು. ಗಡಿಗೆ ಅಷ್ಟು ಪೂರ್ತಿ ಇಳಿಯದೆ ಸ್ವಲ್ಪ ಮೇಲೆಯೇ ನಿಲ್ಲುತ್ತದೆ, ಆದರೂ 30ರ ಒಳಗೆ ಆಯಿತು. ಕರಾವಳಿಯಲ್ಲಿ ಬಿಸಿಲು 33 ಡಿಗ್ರಿಯೇ ಇರಬಹುದು, ಆದರೆ ತೇವಾಂಶ 75 ಇದ್ದರೆ ಆ ಕೊನೆಯ ಮಟ್ಟವೇ 29. ಅಲ್ಲಿ ಗಡಿಗೆ ಬರೀ ಸಮಾಧಾನಕ್ಕೆ.

ಮಾಡುವ ಕ್ರಮ ಹೀಗೆ. ಒಂದು ದೊಡ್ಡ ಗಡಿಗೆ, ಅದರೊಳಗೆ ಸುತ್ತ ಎರಡು ಮೂರು ಬೆರಳು ಸಂದು ಉಳಿಯುವ ಹಾಗೆ ಕೂರುವ ಸಣ್ಣ ಗಡಿಗೆ. ಎರಡೂ ಬಣ್ಣ ಬಳಿಯದ, ಎಣ್ಣೆ ಹಚ್ಚದ, ನೀರು ಜಿನುಗುವ ಮಣ್ಣಿನವು ಆಗಿರಬೇಕು. ನುಣುಪು ಮೆರುಗು ಕೊಟ್ಟ ಗಡಿಗೆ ಉಪಯೋಗವಿಲ್ಲ, ನೀರು ಹೊರಗೆ ಬರುವುದೇ ಇಲ್ಲ. ಅಡಿಗೆ ಮೂರು ಬೆರಳು ಮರಳು ಹಾಸಿ ಸಣ್ಣದನ್ನು ಇಟ್ಟು, ಸುತ್ತಲಿನ ಸಂದಿಗೂ ಮರಳು ತುಂಬಿ, ಮರಳು ತೊಯ್ಯುವಷ್ಟು ನೀರು ಹೊಯ್ಯಿರಿ. ಇನ್ಸುಲಿನ್ನನ್ನು ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಟ್ಟು ಒಳಗಡಿಗೆಯಲ್ಲಿ ಇಡಿ. ನೀರು ತಾಗಿದರೆ ಚೀಟಿ ಕಳಚಿ ಹೋಗುತ್ತದೆ, ರಬ್ಬರ್ ಮುಚ್ಚಳದ ಮೇಲೆ ಕೊಳೆ ನಿಲ್ಲುತ್ತದೆ. ಮೇಲೆ ದಪ್ಪ ಹತ್ತಿಯ ಒದ್ದೆ ಬಟ್ಟೆ ಮುಚ್ಚಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಬಿಸಿಲೇರುವ ಮೊದಲು ಒಮ್ಮೆ ನೀರು ಹನಿಸಿ. ಗಡಿಗೆಯನ್ನು ಬಾಗಿಲು ಹಾಕಿದ ಕೋಣೆಯ ಮೂಲೆಗೆ ತಳ್ಳಬೇಡಿ. ನೆರಳಿರಬೇಕು, ಆದರೆ ಗಾಳಿಯೂ ಆಡಬೇಕು, ಪಡಸಾಲೆಯಂಥ ಜಾಗ ಒಳ್ಳೆಯದು. ಮೊದಲ ಮೂರು ದಿನ ಇನ್ಸುಲಿನ್ ಹಾಕದೆ, ಒಳಗೆ ಥರ್ಮಾಮೀಟರ್ ಮಾತ್ರ ಇಟ್ಟು ಮಧ್ಯಾಹ್ನ ಮೂರು ಗಂಟೆಗೆ ಅಂಕೆ ನೋಡಿ. ಮೂರು ದಿನವೂ 30ರ ಒಳಗಿದ್ದರೆ ಧೈರ್ಯವಾಗಿ ಇಡಿ. ಮಳೆ ಶುರುವಾಗಿ ಗಾಳಿಗೆ ತೇವ ಬಂದ ಮೇಲೆ ಮತ್ತೊಮ್ಮೆ ನೋಡಬೇಕು, ಆಗ ಗಡಿಗೆಯ ಬಲ ಕಡಿಮೆಯಾಗುತ್ತದೆ.

ಗಡಿಗೆ ಫ್ರಿಜ್ಜಿಗೆ ಬದಲಿ ಅಲ್ಲ ಎಂಬುದನ್ನು ಮರೆಯಬಾರದು. ಅದರಲ್ಲಿಟ್ಟದ್ದು ತೆರೆದ ಸೀಸೆಯ ಲೆಕ್ಕಕ್ಕೇ ಬರುತ್ತದೆ: ಫ್ರಿಜ್ಜಿನಿಂದ ಹೊರಬಂದ ದಿನದಿಂದ 28 ದಿನ, ಸೀಲು ಒಡೆಯದಿದ್ದರೂ ಅಷ್ಟೇ. ಕೆಲವು ಬಗೆಗೆ ಆರು ವಾರ, ಕೆಲವಕ್ಕೆ ಎಂಟು ವಾರ ಇದೆ. ನಿಮ್ಮದಕ್ಕೆ ಎಷ್ಟು ಎಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿರುತ್ತದೆ. ಹಾಗಾಗಿ ಒಂದು ತಿಂಗಳಿಗಾಗುವಷ್ಟೇ ಕೊಂಡು ತನ್ನಿ. ಕೀನ್ಯಾದ ನಿರಾಶ್ರಿತರ ಶಿಬಿರವೊಂದರ ತಾಪವನ್ನು ಲೆಕ್ಕಕ್ಕೆ ಹಿಡಿದು ‘ಗಡಿಯಿಲ್ಲದ ವೈದ್ಯರು’ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗಲು ರಾತ್ರಿ 25ರಿಂದ 37 ಡಿಗ್ರಿ ನಡುವೆ ಏರಿಳಿದ ಇನ್ಸುಲಿನ್ ನಾಲ್ಕು ವಾರ ಶಕ್ತಿ ಉಳಿಸಿಕೊಂಡಿತ್ತು. ಇದು ಧೈರ್ಯ ಕೊಡುವ ಮಾತೇ. ಆದರೆ ತಗಡಿನ ಮನೆಯ ಮಾಡಿನಡಿ, ಟ್ರ್ಯಾಕ್ಟರಿನ ಡಬ್ಬಿಯಲ್ಲಿ 45 ಡಿಗ್ರಿಯಲ್ಲಿ ಬಿಟ್ಟದ್ದಕ್ಕೆ ಅದು ಅನ್ವಯಿಸುವುದಿಲ್ಲ.

ಮಂಜೇಶ್ವರದ ಓದುಗರು: ಥೈರಾಯ್ಡಿಗೆ 50 ಮೈಕ್ರೋಗ್ರಾಮಿನ ಮಾತ್ರೆ ಆರು ವರ್ಷದಿಂದ ನುಂಗುತ್ತಿದ್ದೇನೆ. ಬೆಳಿಗ್ಗೆ ಮರೆಯಬಾರದೆಂದು ಬಾಟಲಿಯನ್ನು ಒಲೆಯ ಮೇಲಿನ ಕಪಾಟಿನಲ್ಲೇ ಇಟ್ಟಿದ್ದೇನೆ. ಆಟಿ ತಿಂಗಳಲ್ಲಿ ಮಾತ್ರೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಈ ಸಲ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಏರುವ ಅಂಕೆ) ಏರಿದೆ. ಫ್ರಿಜ್ಜಿನಲ್ಲಿಡಲೇ?

ಉತ್ತರ: ಬೇಡ. ಫ್ರಿಜ್ಜಿನಿಂದ ತೆಗೆದ ಸ್ಟೀಲಿನ ಲೋಟದ ಮೈ ಎರಡೇ ನಿಮಿಷದಲ್ಲಿ ಬೆವರುವುದನ್ನು ನೋಡಿದ್ದೀರಲ್ಲ? ತಣ್ಣನೆಯ ಬಾಟಲಿಯನ್ನು ಮಳೆಗಾಲದ ಗಾಳಿಯಲ್ಲಿ ತೆರೆದರೆ ಅದೇ ಬೆವರು ಮಾತ್ರೆಯ ಮೇಲೆ ಕೂರುತ್ತದೆ. ದಿನಕ್ಕೊಮ್ಮೆ ಹೀಗಾದರೆ ನಾಲ್ಕು ತಿಂಗಳಿಗೆ ನಡೆಯಬೇಕಾದ ಬಾಟಲಿ ಒಂದು ತಿಂಗಳೂ ಬಾಳದು.

ಲೆಕ್ಕ ಸ್ವಲ್ಪ ನೋಡಿ. 50 ಮೈಕ್ರೋಗ್ರಾಮ್ ಅಂದರೆ ಒಂದು ಮಿಲಿಗ್ರಾಮಿನ ಇಪ್ಪತ್ತರಲ್ಲಿ ಒಂದು ಪಾಲು. ನೀವು ಕೈಯಲ್ಲಿ ಹಿಡಿಯುವ ಮಾತ್ರೆಯ ಉಳಿದ ಭಾಗವೆಲ್ಲ ಬರೀ ಹಿಟ್ಟು. ಅಷ್ಟು ಚೂರು ಮದ್ದಾದ ಲೀವೋಥೈರಾಕ್ಸಿನ್‌ಗೆ ಬಿಸಿ, ಬೆಳಕು, ತೇವ ಮೂರೂ ಆಗದು. ಒಲೆಯ ಮೇಲಿನ ಕಪಾಟಿನಲ್ಲಿ ಬಿಸಿಯೂ ಇದೆ, ಕುಚ್ಚಲಕ್ಕಿ ಬೇಯುವ ಒಂದೂವರೆ ಗಂಟೆಯ ಹಬೆಯೂ ಇದೆ. ಬಾತ್‌ರೂಮಿನ ಕನ್ನಡಿ ಹಿಂದಿನ ಕಪಾಟಿಗೂ ಇದೇ ಮಾತು.

ಮಲಗುವ ಕೋಣೆಯ ಕಪಾಟಿನಲ್ಲಿ ಎದೆಮಟ್ಟಕ್ಕಿಂತ ಕೆಳಗಿನ ಅಂತಸ್ತು ಸಾಕು. ಟೆರೇಸ್ ಮನೆಯಾದರೆ ಕಪಾಟಿನ ಮೇಲ್ತುದಿ ಬೇಡ, ರಾತ್ರಿಯವರೆಗೂ ಕಾಂಕ್ರೀಟು ಬಿಸಿ ಬಿಡುತ್ತಿರುತ್ತದೆ. ಮಾತ್ರೆಗಳನ್ನು ಅವು ಬಂದ ಬಾಟಲಿಯಲ್ಲೇ ಇಡಿ. ಅದರ ಗಾಢ ಬಣ್ಣ, ಬಿಗಿ ಮುಚ್ಚಳಗಳಿಗೆ ಕಾರಣವಿದೆ. ಒಳಗಿರುವ ಸಿಲಿಕಾ ಜೆಲ್ ಪೊಟ್ಟಣ ಅಥವಾ ಉರುಟು ಬಿಲ್ಲೆಯನ್ನು ಎಸೆಯಬೇಡಿ. ಬಾಯಿಗೆ ತುರುಕಿದ ಹತ್ತಿ ಇದ್ದರೆ ಅದನ್ನು ಮಾತ್ರ ಸೀಲು ಒಡೆದ ದಿನವೇ ಎಸೆಯಿರಿ, ಅದು ಗಾಳಿಯ ತೇವ ಹೀರಿ ಮಾತ್ರೆಗೆ ಕೊಡುತ್ತದೆ. ಉಪ್ಪಿನ ಭರಣಿಗೆ ಅಕ್ಕಿಕಾಳು ಹಾಕಿದ ಹಾಗೆ ಇದಕ್ಕೂ ಹಾಕುವವರಿದ್ದಾರೆ. ಅಕ್ಕಿಯಲ್ಲೇ ತೇವವಿದೆ, ಹುಡಿಯಿದೆ, ಹುಳವೂ ಬಂದೀತು. ಮಾತ್ರೆ ತೆಗೆಯುವಾಗ ಬೆರಳು ಹಾಕಬೇಡಿ, ಮುಚ್ಚಳಕ್ಕೆ ಒಂದು ಉರುಳಿಸಿಕೊಂಡು ಅಲ್ಲಿಂದಲೇ ಬಾಯಿಗೆ ಹಾಕಿ. ಜೂನ್‌ನಿಂದ ಸಪ್ಟೆಂಬರ್‌ವರೆಗೆ ಬಾಟಲಿಯನ್ನು ದಿನಾ ತೆರೆಯುವ ಬದಲು ವಾರಕ್ಕೊಮ್ಮೆ, ಮಳೆ ಹೊಳವಾದ ಹೊತ್ತಿನಲ್ಲಿ ತೆರೆದು ಏಳು ಮಾತ್ರೆಗಳನ್ನು ಬಿಗಿಯಾದ ಸಣ್ಣ ಕರಡಿಗೆಗೆ ಹಾಕಿಟ್ಟುಕೊಳ್ಳಿ. ಒಂದು ತಿಂಗಳದ್ದನ್ನು ಒಟ್ಟಿಗೆ ಹಾಕಬೇಡಿ. ಮರೆವಿನ ಭಯಕ್ಕೆ ಕರಡಿಗೆಯನ್ನು ಹಾಸಿಗೆ ಪಕ್ಕದ ನೀರಿನ ಚೆಂಬಿನ ಹತ್ತಿರ ಇಟ್ಟರಾಯಿತು.

ಅಂಟಿಕೊಂಡ, ಉಬ್ಬಿದ, ಬಣ್ಣಗೆಟ್ಟ ಮಾತ್ರೆಗಳನ್ನು ನುಂಗಬೇಡಿ. ಶಕ್ತಿ ಕಡಿಮೆಯಾಗಿರಬಹುದು ಎಂದು ಎರಡು ನುಂಗುವುದು ಇನ್ನೂ ತಪ್ಪು. ಹೊಸ ಬಾಟಲಿ ತಂದು ಅದೇ ಪ್ರಮಾಣದಲ್ಲಿ ಮುಂದುವರಿಸಿ ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ ನೋಡಿಸಿ, ಅದಕ್ಕಿಂತ ಮೊದಲು ನೋಡಿದರೆ ಸರಿಯಾದ ಚಿತ್ರ ಸಿಗದು. ಮಾತ್ರೆ ಮೆತ್ತಗಾದ ಸಂಗತಿಯನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಇಲ್ಲದಿದ್ದರೆ ಅವರು ಅಂಕೆ ನೋಡಿ 75ಕ್ಕೆ ಏರಿಸುತ್ತಾರೆ, ಹೊಸ ಬಾಟಲಿಯ ಒಳ್ಳೆಯ ಮಾತ್ರೆಗೆ ಎದೆ ಡವಡವ ಶುರುವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿಗೆ ಕನಿಷ್ಠ ಅರ್ಧ ಗಂಟೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಬಿಡುತ್ತಿದ್ದೀರಾ ಎಂದೂ ನೋಡಿಕೊಳ್ಳಿ. ಟಿಎಸ್‌ಎಚ್ ಏರಲಿಕ್ಕೆ ಅದೂ ಸಾಮಾನ್ಯ ಕಾರಣವೇ.

ಉಪ್ಪಳದ ಓದುಗರು: ಮಗ ಗಲ್ಫಿನಲ್ಲಿದ್ದಾನೆ. ರಜೆ ಮುಗಿಸಿ ಹೋಗುವಾಗ ಇನ್ಸುಲಿನ್ ಪೆನ್ನುಗಳನ್ನು ಇಲ್ಲಿಂದ ಕೊಂಡೊಯ್ಯುತ್ತಾನೆ. ಪೆಟ್ಟಿಗೆಯಲ್ಲಿ ಐಸ್ ಹಾಕಿ ಕಟ್ಟಿಕೊಟ್ಟರೆ ಸರಿಯೇ?

ಉತ್ತರ: ದೊಡ್ಡ ಪೆಟ್ಟಿಗೆಗೆ ಹಾಕಲೇಬೇಡಿ. ವಿಮಾನದ ಅಡಿಭಾಗದಲ್ಲಿ ಸಾಮಾನು ಇಡುವಲ್ಲಿ ಹೆಪ್ಪುಗಟ್ಟುವಷ್ಟು ಚಳಿಯಾಗಬಹುದು, ಪೆಟ್ಟಿಗೆ ತಪ್ಪಿ ಬೇರೆಲ್ಲೋ ಹೋದರೆ ಮದ್ದೂ ಹೋಯಿತು. ಕೈಚೀಲದಲ್ಲೇ, ಡಾಕ್ಟರ ಇಂಗ್ಲಿಷ್ ಚೀಟಿಯೊಂದಿಗೆ ಇರಲಿ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್‌ ಪ್ಯಾಕನ್ನು ಪೆನ್ನಿಗೆ ತಾಗಿಸಿ ಕಟ್ಟಿದರೆ ತಾಗಿದ ಕಡೆ ಹೆಪ್ಪುಗಟ್ಟುತ್ತದೆ. ಪ್ಯಾಕನ್ನು ಕಾಲು ಗಂಟೆ ಹೊರಗಿಟ್ಟು, ಮೈ ಬೆವರಲು ಶುರುವಾದ ಮೇಲೆ ದಪ್ಪ ಟವೆಲಿನಲ್ಲಿ ಸುತ್ತಿ, ಪೆನ್ನಿಗೂ ಅದಕ್ಕೂ ನಡುವೆ ಒಂದು ರಟ್ಟು ಇಡಿ. ಮಂಗಳೂರಿನಿಂದ ಉಪ್ಪಳಕ್ಕೆ ಬಸ್ಸಿನಲ್ಲಿ ತರುವಷ್ಟಕ್ಕೆ ಐಸೇ ಬೇಡ, ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರೆ ಸಾಕು. ಸ್ಕೂಟರಿನ ಸೀಟಿನಡಿಯ ಡಬ್ಬಿಯೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮುಂಭಾಗವೂ ಕೂಡದು. ಟೆಸ್ಟೋಸ್ಟಿರೋನ್‌ನಂಥ ಔಷಧ ಕೊಂಡೊಯ್ಯುವವರು ಆ ದೇಶದಲ್ಲಿ ಮೊದಲೇ ಅನುಮತಿ ಬೇಕೇ ಎಂದು ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು.

ಕಾಸರಗೋಡು ತಾಲೂಕಿನ ಓದುಗರು, ಊರ ಹೆಸರು ಬೇಡ ಎಂದಿದ್ದಾರೆ: ನಾನು ಟ್ರಾನ್ಸ್ ಮಹಿಳೆ. ಡಾಕ್ಟರ ಸಲಹೆಯಂತೆ ಈಸ್ಟ್ರಾಡಯಾಲ್ (ಈಸ್ಟ್ರೋಜನ್) ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಮುಂದಿನ ತಿಂಗಳಿನಿಂದ ಜೆಲ್ ಕೊಡುತ್ತಾರಂತೆ. ಶೀಟಿನ ಮಾಡಿನ ಕೋಣೆಯಲ್ಲಿ ಇನ್ನಿಬ್ಬರೊಡನೆ ವಾಸ. ಎಲ್ಲರ ಕಣ್ಣಿಗೆ ಬೀಳಬಾರದೆಂದು ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ವಿಟಮಿನ್ ಬಾಟಲಿಗೆ ಹಾಕಿ ಕಬ್ಬಿಣದ ಟ್ರಂಕಿನಲ್ಲಿ ಇಡುತ್ತೇನೆ. ಹಾಳಾಗುತ್ತದೆಯೇ?

ಉತ್ತರ: ಕಣ್ಣಿಗೆ ಬೀಳದಂತೆ ಇಡಬೇಕೆಂಬುದು ಸರಿಯಾದ ಕಾರಣವೇ, ಆದರೆ ಸ್ಟ್ರಿಪ್ಪು ಬಿಡಿಸುವುದು ಬೇಡ. ಪ್ರತಿ ಮಾತ್ರೆಗೂ ಅದರ ಗುಳಿಯೇ ಒಂದೊಂದು ಪುಟ್ಟ ಡಬ್ಬಿ, ತೇವದಿಂದ ಕಾಯುವುದು ಅದೇ. ವಿಟಮಿನ್ ಎಂದು ಬರೆದ ಬಾಟಲಿಯಲ್ಲಿ ಹಾರ್ಮೋನ್ ಇದ್ದರೆ ಜತೆಗಿರುವವರು ನಿಜವಾಗಿಯೂ ವಿಟಮಿನ್ ಎಂದೇ ನುಂಗಿಯಾರು. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ನೀವು ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಯಾರಿಗೂ ತಿಳಿಯದು. ಹೊರಗಿನ ರಟ್ಟಿನ ಪೆಟ್ಟಿಗೆ ಎಸೆಯಬಹುದು. ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಇರುವ ಭಾಗ ಕತ್ತರಿಸಿ ಸ್ಟ್ರಿಪ್ಪಿಗೆ ರಬ್ಬರ್ ಬ್ಯಾಂಡ್ ಹಾಕಿ. ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಸ್ಟ್ರಿಪ್ಪುಗಳನ್ನು ಸಣ್ಣ ಬೀಗ ಹಾಕಬಹುದಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಟ್ರಂಕಿನ ವಿಷಯ ಬೇರೆ. ಶೀಟಿನ ಮಾಡಿನಡಿ ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನದ ಹೊತ್ತು ಕೋಣೆ ಹೊರಗಿಗಿಂತ ಬಿಸಿಯಾಗುತ್ತದೆ. ಕಬ್ಬಿಣ ಆ ಬಿಸಿಯನ್ನು ನೇರ ಒಳಗೆ ಬಿಡುತ್ತದೆ. ಈ ಮಾತ್ರೆಗಳ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 25 ಅಥವಾ 30 ಡಿಗ್ರಿ ಮೀರಬಾರದೆಂದು ಇರುತ್ತದೆ. ಟ್ರಂಕನ್ನು ಮಂಚದಡಿ, ಬಿಸಿಲು ಬೀಳದ ಗೋಡೆಯ ಕಡೆ ನೆಲದ ಮೇಲೆ ಇಟ್ಟು, ಅಡಿಯಲ್ಲಿ ಒಂದು ಹಲಗೆ ಹಾಕಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ. ಮದ್ದಿನ ಡಬ್ಬಿಯನ್ನು ಟ್ರಂಕಿನ ನಡುವೆ, ಮಡಚಿದ ಬಟ್ಟೆಗಳ ಒಳಗೆ ಹುದುಗಿಸಿ. ನಡುಹಗಲ ಬಿಸಿ ಬಟ್ಟೆಯ ಪದರ ದಾಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕಡು ಬೇಸಿಗೆಯಲ್ಲಿ ಒಂದು ತಿಂಗಳಿಗಿಂತ ಹೆಚ್ಚಿನದನ್ನು ಕೂಡಿಡಬೇಡಿ.

ಜೆಲ್ ಬಂದ ಮೇಲೆ ನೆನಪಿಡಬೇಕಾದದ್ದು, ಅದರಲ್ಲಿ ಸಾಕಷ್ಟು ಆಲ್ಕೊಹಾಲ್ ಇದೆ. ಒಂದೇ ಕೋಣೆಯಲ್ಲಿ ಅಡುಗೆಯೂ ಆಗುವುದಾದರೆ ಗ್ಯಾಸ್ ಒಲೆ, ದೀಪ, ಊದುಬತ್ತಿಯಿಂದ ದೂರ ಇಡಿ. ಹಚ್ಚಿದ ಮೇಲೆ ಪೂರ್ತಿ ಒಣಗುವವರೆಗೆ ಬೆಂಕಿಯ ಹತ್ತಿರ ಹೋಗಬೇಡಿ. ಮುಚ್ಚಳ ಸಡಿಲವಿದ್ದರೆ ಆಲ್ಕೊಹಾಲ್ ಹಾರಿ ಜೆಲ್ ಗಟ್ಟಿಯಾಗುತ್ತದೆ, ಅಳತೆ ಕೆಡುತ್ತದೆ. ಹಚ್ಚಿದ ಕೈಯನ್ನು ಸಾಬೂನು ಹಾಕಿ ತೊಳೆಯಿರಿ. ಮಾತ್ರೆ ಬಿಸಿಗೆ ಹಾಳಾಗಿರಬಹುದು ಎಂಬ ಗುಮಾನಿಯಿಂದ ಒಂದರ ಬದಲು ಎರಡು ನುಂಗುವುದು ಮಾತ್ರ ಖಂಡಿತ ಕೂಡದು. ಈಸ್ಟ್ರೋಜನ್ ಹೆಚ್ಚಾದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಬಾಯಿಯಿಂದ ತೆಗೆದುಕೊಳ್ಳುವಾಗ ಇನ್ನೂ ಹೆಚ್ಚು. ಒಂದು ಕಾಲು ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಕಂಡರೆ 108ಕ್ಕೆ ಕರೆ ಮಾಡಬೇಕು.

ಹೊಸೂರಿನ ಓದುಗರು: ಯಜಮಾನರಿಗೆ ಟೆಸ್ಟೋಸ್ಟಿರೋನ್ ಎಣ್ಣೆಯ ಇಂಜೆಕ್ಷನ್. ಡಿಸೆಂಬರಿನಲ್ಲಿ ಸೀಸೆಯಲ್ಲಿ ಸಕ್ಕರೆಯಂಥ ಹರಳು ಕಂಡಿತು. ಫ್ರಿಜ್ಜಿನಲ್ಲಿಟ್ಟಿದ್ದೆವು. ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲ, ಚಳಿಗೆ ಕಟ್ಟಿಕೊಂಡಿದೆ. ಚಳಿಗಾಲದಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವ ಹಾಗೆಯೇ. ಸೀಸೆಯನ್ನು ಅಂಗೈಗಳ ನಡುವೆ ಉರುಳಿಸಿ, ಇಲ್ಲವೇ ಉಗುರು ಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಿ. ಪೂರ್ತಿ ತಿಳಿಯಾದರೆ ಬಳಸಬಹುದು. ಹರಳು ಉಳಿದರೆ ಅಥವಾ ಕಸ ತೇಲಿದರೆ ಬೇಡ. ಎಣ್ಣೆಯ ಇಂಜೆಕ್ಷನ್ನಿಗೆ ಫ್ರಿಜ್ ಬೇಕಾಗಿಲ್ಲ, ಬೆಳಕು ಬೀಳದ ಕಪಾಟು ಸಾಕು. ಕೆಲವು ಕಂಪನಿಗಳ ಇಂಜೆಕ್ಷನ್ನಿನಲ್ಲಿ ಇರುವುದು ಕಡಲೆಕಾಯಿ ಎಣ್ಣೆ, ಅದರ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಮುಂದೆ ಜೆಲ್‌ಗೆ ಬದಲಾಯಿಸಿದರೆ ಇನ್ನೊಂದು ಎಚ್ಚರ: ಹಚ್ಚಿದ ಭುಜವನ್ನು ಬಟ್ಟೆಯಿಂದ ಮುಚ್ಚದೆ ಮಗುವನ್ನು ಎತ್ತಿಕೊಂಡರೆ ಮಗುವಿನ ಮೈಗೂ ಹಾರ್ಮೋನ್ ಹೋಗುತ್ತದೆ, ಸಣ್ಣ ಮಕ್ಕಳಲ್ಲಿ ವಯಸ್ಸಿಗೆ ಮೊದಲೇ ಕೂದಲು ಮೂಡಿದ ಪ್ರಸಂಗಗಳಿವೆ. ಖಾಲಿ ಪೊಟ್ಟಣವನ್ನೂ ಮಕ್ಕಳ ಕೈಗೆ ಸಿಗದಂತೆ ಮಡಚಿ ಎಸೆಯಿರಿ.

ಮುಳ್ಳೇರಿಯದ ಓದುಗರು: ಅತ್ತೆಗೆ ಎಲುಬಿನ ಸವೆತಕ್ಕೆ ಟೆರಿಪ್ಯಾರಟೈಡ್ ಪೆನ್. ಮಾವನದ್ದು ಇನ್ಸುಲಿನ್ ಪೆನ್. ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಇಡುತ್ತೇವೆ.

ಉತ್ತರ: ಮಾವನದ್ದು ಇರಲಿ, ಅತ್ತೆಯದ್ದನ್ನು ಪ್ರತಿ ಸಲ ಚುಚ್ಚಿದ ಕೂಡಲೇ ಫ್ರಿಜ್ಜಿಗೆ ಹಿಂದಿರುಗಿಸಿ. ಟೆರಿಪ್ಯಾರಟೈಡ್‌ಗೆ ತೆರೆದ ಮೇಲೂ 2ರಿಂದ 8 ಡಿಗ್ರಿಯೇ ಬೇಕು. ಬಳಸಲು ತೊಡಗಿ 28 ದಿನವಾದರೆ, ಒಳಗೆ ಮದ್ದು ಉಳಿದಿದ್ದರೂ ಬಿಡಬೇಕು. ಇನ್ಸುಲಿನ್ ಪೆನ್ನು ಬಳಕೆಯಲ್ಲಿರುವಾಗ ಹೊರಗಿರುವುದೇ ಒಳ್ಳೆಯದು, ತಣ್ಣನೆಯ ಇನ್ಸುಲಿನ್ ಚುಚ್ಚಿದರೆ ಹೆಚ್ಚು ನೋಯುತ್ತದೆ. ಎರಡರಲ್ಲೂ ಸೂಜಿ ಸಿಕ್ಕಿಸಿಟ್ಟು ಬಿಡಬೇಡಿ. ತಾಪ ಏರಿಳಿದ ಹಾಗೆ ಸೂಜಿಯಿಂದ ಮದ್ದು ಹನಿಯುತ್ತದೆ, ಗಾಳಿ ಒಳಗೆ ಹೋಗಿ ಗುಳ್ಳೆ ಕಟ್ಟುತ್ತದೆ, ಮರುದಿನದ ಅಳತೆಯಲ್ಲಿ ಅರ್ಧ ಗಾಳಿಯೇ ಹೋದೀತು.

ಬದಿಯಡ್ಕದ ಓದುಗರು: ಬಳಸಿದ ಸೂಜಿ, ಅವಧಿ ಮೀರಿದ ಮಾತ್ರೆ ಏನು ಮಾಡುವುದು? ಈವರೆಗೆ ಬಚ್ಚಲ ಒಲೆಗೆ ಹಾಕುತ್ತಿದ್ದೆವು.

ಉತ್ತರ: ಬಚ್ಚಲ ಒಲೆಯಲ್ಲಿ ಸೂಜಿ ಉರಿಯುವುದಿಲ್ಲ, ಬೂದಿಯೊಳಗೆ ಉಳಿಯುತ್ತದೆ. ಬೂದಿ ಹೋಗುವುದು ತೆಂಗಿನ ಬುಡಕ್ಕೆ, ಅಲ್ಲಿ ಬರಿಗಾಲಲ್ಲಿ ನಡೆಯುವವರು ಕೆಲಸದವರು. ಗಾಜಿನ ಸೀಸೆ ಕಾದು ಸಿಡಿಯುತ್ತದೆ. ಕೇರಳದಲ್ಲಿ ಮನೆ ಮನೆಯಿಂದ ಕಸ ಒಯ್ಯುವ ‘ಹರಿತ ಕರ್ಮ ಸೇನೆ’ಯವರ ಚೀಲಕ್ಕೆ ಪ್ಲಾಸ್ಟಿಕ್ಕಿನ ಜತೆ ಸಿರಿಂಜನ್ನು ತೂರಿಸುವುದೂ ಬೇಡ. ಆ ಹೆಂಗಸರು ಕಸವನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ.

ಬಟ್ಟೆ ತೊಳೆಯುವ ದ್ರವವೋ ಫಿನಾಯಿಲೋ ಬಂದ ದಪ್ಪ ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು ಒಣಗಿಸಿಟ್ಟುಕೊಳ್ಳಿ. ನೀರಿನ ಬಾಟಲಿ ತೆಳು, ಸೂಜಿ ಹೊರಬರುತ್ತದೆ. ಚುಚ್ಚಿದ ಕೂಡಲೇ ಸೂಜಿಯನ್ನು ಅದರೊಳಗೆ ಹಾಕಿ, ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಸಿಕೊಳ್ಳಬೇಡಿ. ಮುಕ್ಕಾಲು ತುಂಬಿದಾಗ ಮುಚ್ಚಳ ತಿರುಗಿಸಿ ಟೇಪು ಸುತ್ತಿ, ‘ಬಳಸಿದ ಸೂಜಿ’ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ನಿಮ್ಮ ಆಸ್ಪತ್ರೆಯಲ್ಲೋ ರಕ್ತ ಪರೀಕ್ಷೆಯ ಲ್ಯಾಬಿನಲ್ಲೋ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ಕೊಡಿ. ಅವರಲ್ಲಿ ಇಂಥದ್ದನ್ನು ಒಯ್ಯುವ ವ್ಯವಸ್ಥೆ ಇರುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸೂಜಿ, ಸಿರಿಂಜು, ಅವಧಿ ಮೀರಿದ ಔಷಧಗಳನ್ನು ಮನೆಯ ಅಪಾಯಕಾರಿ ಕಸವೆಂದೇ ಎಣಿಸಿ ಬೇರೆ ಇಡಬೇಕು ಎಂದಿದ್ದವು.

ಮಾತ್ರೆಗಳನ್ನು ಕಕ್ಕಸಿಗೆ ಸುರಿಯಬೇಡಿ, ತೋಟದಲ್ಲಿ ಹೂಳಬೇಡಿ. ಬಾವಿಯ ನೀರು, ಗುಡ್ಡ ಕೊರೆದ ಸುರಂಗದ ನೀರು ಕುಡಿಯುವ ಊರು ನಿಮ್ಮದು. ಮಣ್ಣಿಗೆ ಬಿದ್ದದ್ದು ನೀರಿನೊಂದಿಗೆ ಇಳಿಯುತ್ತದೆ.

ವರ್ಕಾಡಿಯ ಓದುಗರು: ಪೆಟ್ಟಿಗೆಯ ಮೇಲೆ ಅವಧಿ 08/2026 ಎಂದಿದ್ದರೆ ಆಗಸ್ಟ್ ಒಂದರವರೆಗೋ ಮೂವತ್ತೊಂದರವರೆಗೋ?

ಉತ್ತರ: ತಿಂಗಳ ಕೊನೆಯ ದಿನದವರೆಗೆ. ಆದರೆ ಅದು ಸೀಲು ಒಡೆಯದೆ, ಹೇಳಿದ ತಾಪದಲ್ಲಿಟ್ಟ ಮದ್ದಿಗೆ. ಇನ್ಸುಲಿನ್ ಸೀಸೆಗೆ ಸೂಜಿ ಚುಚ್ಚಿದ ದಿನವೇ ಹೊಸ ಲೆಕ್ಕ ಶುರುವಾಗುತ್ತದೆ. ಆ ತಾರೀಕನ್ನು ಸೀಸೆಯ ಮೇಲೆಯೇ ಬರೆಯಿರಿ, ಎಸೆದುಬಿಡುವ ರಟ್ಟಿನ ಪೆಟ್ಟಿಗೆಯ ಮೇಲಲ್ಲ.

ಆದೋನಿಯ ಓದುಗರು: ಇನ್ಸುಲಿನ್ ಪೆನ್ ಕೆಳಗೆ ಬಿದ್ದು ಮುರಿಯಿತು. ಒಳಗಿನ ಕಾರ್ಟ್ರಿಜ್ (ಮದ್ದು ತುಂಬಿದ ಗಾಜಿನ ಕೊಳವೆ) ಚೆನ್ನಾಗಿದೆ. ಮನೆಯಲ್ಲಿರುವ ಸಿರಿಂಜಿನಿಂದ ಎಳೆದು ಕೊಡಬಹುದೇ?

ಉತ್ತರ: ಬೇಡ. ನಮ್ಮ ದೇಶದಲ್ಲಿ ಸಿಗುವ ಹೆಚ್ಚಿನ ಇನ್ಸುಲಿನ್ ಸೀಸೆಗಳಲ್ಲಿ ಒಂದು ಮಿಲಿಲೀಟರಿಗೆ 40 ಯುನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯುನಿಟ್. ಕೆಂಪು ಮುಚ್ಚಳದ ಸಿರಿಂಜು 40ರ ಅಳತೆಯದ್ದು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್ ಬರುತ್ತದೆ. ಕಾರ್ಟ್ರಿಜ್‌ನಿಂದ ಎಳೆದ ಅರ್ಧ ಮಿಲಿಲೀಟರಿನಲ್ಲಿ 50 ಯುನಿಟ್ ಇರುತ್ತದೆ, ಅಂದರೆ ಎರಡೂವರೆ ಪಟ್ಟು. ರಾತ್ರಿ ಮಲಗಿದವರು ಬೆಳಿಗ್ಗೆ ಏಳದೆ ಇರಲಿಕ್ಕೆ ಅಷ್ಟು ಸಾಕು. 100ರ ಅಳತೆಯ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ, ಅದರಲ್ಲಿ 40ರ ಸೀಸೆಯಿಂದ ಎಳೆದರೆ ತಿರುಗುಮುರುಗು, ಬೇಕಾದ್ದಕ್ಕಿಂತ ಕಡಿಮೆ ಹೋಗುತ್ತದೆ. ಕಾರ್ಟ್ರಿಜ್ ಹಾಕುವ ಪೆನ್ನಾದರೆ ಅದೇ ಕಂಪನಿಯ ಖಾಲಿ ಪೆನ್ನೊಂದನ್ನು ಮದ್ದಿನಂಗಡಿಯಿಂದ ತಂದು ಇದೇ ಕಾರ್ಟ್ರಿಜ್ ಹಾಕಿ ಬಳಸಿ, ಗಾಜಿನಲ್ಲಿ ಸಣ್ಣ ಬಿರುಕೂ ಇಲ್ಲದಿದ್ದರೆ ಮಾತ್ರ. ಬಳಸಿ ಎಸೆಯುವ ಬಗೆಯ ಪೆನ್ನಾದರೆ ಪೂರ್ತಿ ಹೊಸದೇ ಬೇಕು.